ಏನು ಬೇಕೆಂದು ಕೇಳಿ: ಎಡ್ಗರ್ ಕಾಡ್ ಮತ್ತು ಡೇಟಾಬೇಸಿನ ಭಾಷೆ

ನಿಮ್ಮ ಕಾಲೇಜಿನ ಗ್ರಂಥಪಾಲಕರ ಮುಂದೆ ಹೀಗೊಂದು ಪ್ರಶ್ನೆ ಇಟ್ಟು ನೋಡಿ: ‘ತೀರ್ಥಹಳ್ಳಿಯಿಂದ ಬಂದಿರುವ ವಿದ್ಯಾರ್ಥಿಗಳಲ್ಲಿ ಕುವೆಂಪು ಅವರ ಪುಸ್ತಕಗಳನ್ನು ಎರವಲು ಪಡೆದವರು ಯಾರು ಯಾರು?’ ಉತ್ತರ ಅವರ ಬಳಿಯೇ ಇದೆ. ವಿದ್ಯಾರ್ಥಿಗಳ ಊರು ದಾಖಲಾತಿ ವಹಿಯಲ್ಲಿದೆ, ಪುಸ್ತಕಗಳ ಲೇಖಕರು ಯಾರೆಂಬುದು ಇನ್ನೊಂದು ವಹಿಯಲ್ಲಿದೆ, ಯಾರು ಯಾವ ಪುಸ್ತಕ ಒಯ್ದರೆಂಬುದು ಮೂರನೆಯದರಲ್ಲಿದೆ. ಆದರೂ ಅವರು ನಿಮ್ಮನ್ನು ಒಂದು ಸಲ ದಿಟ್ಟಿಸಿ ನೋಡಿ, ‘ನಾಳಿದ್ದು ಬಾ’ ಎನ್ನುವ ಸಂಭವವೇ ಹೆಚ್ಚು. ಮಾಹಿತಿ ಇರುವುದು ಬೇರೆ, ಕೇಳಿದ ಕೂಡಲೇ ಅದು ಕೈಗೆ ಸಿಗುವುದು ಬೇರೆ.

ಗಣಕಯಂತ್ರ ಬಂದ ಮೇಲೆ ಈ ತೊಡಕು ತಾನಾಗಿಯೇ ನಿವಾರಣೆಯಾಯಿತೆಂದು ನೀವು ಭಾವಿಸಬಹುದು. ಹಾಗಾಗಲಿಲ್ಲ. 1960ರ ದಶಕದ ದೊಡ್ಡ ಗಣಕಯಂತ್ರಗಳಲ್ಲಿ ಲಕ್ಷಗಟ್ಟಲೆ ದಾಖಲೆಗಳನ್ನು ತುಂಬಿಡುತ್ತಿದ್ದರು. ಆದರೆ ಮೊದಲೇ ಯೋಚಿಸಿರದ ಹೊಸ ಪ್ರಶ್ನೆಯೊಂದನ್ನು ಕೇಳಬೇಕಾದರೆ ನುರಿತ ಪ್ರೋಗ್ರಾಮರ್ ಒಬ್ಬ ಕುಳಿತು ದಿನಗಟ್ಟಲೆ ಪ್ರೋಗ್ರಾಂ ಬರೆಯಬೇಕಾಗಿತ್ತು. ಪ್ರಶ್ನೆ ಕೇಳುವ ಹಕ್ಕು ಯಂತ್ರದ ಒಳಗುಟ್ಟು ಬಲ್ಲ ಕೆಲವರಿಗೆ ಮಾತ್ರ ಎಂಬಂತಾಗಿತ್ತು. ಈ ಸ್ಥಿತಿಯನ್ನು ಬದಲಾಯಿಸಿದ್ದು 1970ರ ಜೂನ್ ತಿಂಗಳಿನಲ್ಲಿ ಅಮೆರಿಕದ ಗಣಕ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟವಾದ ಹನ್ನೊಂದು ಪುಟಗಳ ಒಂದು ಲೇಖನ. ಬರೆದವರು ಎಡ್ಗರ್ ಫ್ರಾಂಕ್ ಕಾಡ್. ದೊಡ್ಡ ದತ್ತಾಂಶ ಭಂಡಾರಗಳನ್ನು ಬಳಸುವವರಿಗೆ ಆ ದತ್ತಾಂಶ ಯಂತ್ರದೊಳಗೆ ಹೇಗೆ ಅಡಗಿ ಕುಳಿತಿದೆ ಎಂಬುದನ್ನು ತಿಳಿಯುವ ಹೊರೆ ಇರಬಾರದು ಎಂಬ ಬೇಡಿಕೆಯಿಂದಲೇ ಆ ಲೇಖನ ಶುರುವಾಗುತ್ತದೆ.

ವಿಮಾನದಿಂದ ಗಣಿತಕ್ಕೆ

ಕಾಡ್ ಅವರು ಹುಟ್ಟಿದ್ದು 1923ರ ಆಗಸ್ಟ್ 19ರಂದು, ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪೋರ್ಟ್‌ಲೆಂಡ್ ಎಂಬಲ್ಲಿ. ಏಳು ಮಕ್ಕಳಲ್ಲಿ ಕೊನೆಯವರು. ತಾಯಿ ಶಾಲೆಯ ಉಪಾಧ್ಯಾಯಿನಿ. ಆಕ್ಸ್‌ಫರ್ಡಿನಲ್ಲಿ ಗಣಿತ, ರಸಾಯನಶಾಸ್ತ್ರ ಓದಿದರು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆ ಸೇರಿ, ನೀರಿನ ಮೇಲೆ ಇಳಿಯಬಲ್ಲ ಸಂಡರ್ಲೆಂಡ್ ವಿಮಾನಗಳನ್ನು ಹಾರಿಸಿದರು. ಯುದ್ಧ ಮುಗಿದ ಮೇಲೆ 1948ರಲ್ಲಿ ಅಮೆರಿಕಕ್ಕೆ ಹೋಗಿ, ಮರುವರ್ಷ ಐ.ಬಿ.ಎಂ. ಸಂಸ್ಥೆಯಲ್ಲಿ ಪ್ರೋಗ್ರಾಮರ್ ಆಗಿ ಕೆಲಸಕ್ಕೆ ಸೇರಿದರು. ಆಗಿನ್ನೂ ಗಣಕಯಂತ್ರಗಳೆಂದರೆ ಕೋಣೆ ತುಂಬುವ ಯಂತ್ರಗಳು.

ಅವರ ಸ್ವಭಾವ ತಿಳಿಯಲು ಒಂದು ಸಂಗತಿ ಸಾಕು. ಅಮೆರಿಕದಲ್ಲಿ ಸೆನೆಟರ್ ಜೋಸೆಫ್ ಮೆಕಾರ್ಥಿ ಅವರು ಕಮ್ಯೂನಿಸ್ಟರನ್ನು ಹುಡುಕುವ ನೆಪದಲ್ಲಿ ಕಂಡಕಂಡವರ ಮೇಲೆ ಶಂಕೆ ಹೊರಿಸುತ್ತಿದ್ದ ಕಾಲವದು. ಅದನ್ನು ಸಹಿಸಲಾರದೆ ಕಾಡ್ 1953ರಲ್ಲಿ ಆ ದೇಶವನ್ನೇ ಬಿಟ್ಟು ಕೆನಡಾದ ಒಟ್ಟಾವಾಕ್ಕೆ ಹೊರಟುಹೋದರು. ಮತ್ತೆ ಐ.ಬಿ.ಎಂ.ಗೆ ಮರಳಿದ್ದು 1957ರಲ್ಲಿ. ಆಮೇಲೆ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದರು. ತನ್ನನ್ನೇ ತಾನು ನಕಲು ಮಾಡಿಕೊಳ್ಳಬಲ್ಲ ಗಣಿತೀಯ ಯಂತ್ರವೊಂದಕ್ಕೆ ಪ್ರತಿಯೊಂದು ಕೋಶದಲ್ಲೂ 29 ಸ್ಥಿತಿಗಳನ್ನು ಜಾನ್ ವಾನ್ ನಾಯ್‌ಮನ್ ಬಳಸಿದ್ದರು. ಕಾಡ್ ಅದನ್ನು 8 ಸ್ಥಿತಿಗಳಲ್ಲೇ ಸಾಧಿಸಿ ತೋರಿಸಿದರು. ಅನಾವಶ್ಯಕವಾದುದನ್ನೆಲ್ಲ ಕಳಚಿ ಹಾಕುವ ಈ ಗುಣವೇ ಮುಂದೆ ಡೇಟಾಬೇಸಿನಲ್ಲೂ ಕೆಲಸ ಮಾಡಿತು.

ಕೊಂಡಿ ಹಿಡಿದು ನಡೆಯುವ ಕಾಲ

ಡೇಟಾಬೇಸ್ ಎಂದರೆ ಬಹಳ ಮಂದಿ ಹಂಚಿಕೊಂಡು ಬಳಸುವ, ವ್ಯವಸ್ಥಿತವಾಗಿ ಕೂಡಿಟ್ಟ ದತ್ತಾಂಶ. ಕಾಡ್ ಈ ವಿಷಯಕ್ಕೆ ಕೈಹಾಕಿದಾಗ ಎರಡು ಬಗೆಯ ವ್ಯವಸ್ಥೆಗಳು ಚಾಲ್ತಿಯಲ್ಲಿದ್ದವು. ಒಂದು, ಐ.ಬಿ.ಎಂ. ಸಂಸ್ಥೆಯದೇ ಆದ ಐ.ಎಂ.ಎಸ್. ಮನುಷ್ಯನನ್ನು ಚಂದ್ರನ ಮೇಲೆ ಇಳಿಸಿದ ಅಪೋಲೋ ಯೋಜನೆಯ ಅಸಂಖ್ಯಾತ ಬಿಡಿಭಾಗಗಳ ಲೆಕ್ಕವಿಡಲೆಂದು ಹುಟ್ಟಿದ್ದು ಅದು. ಅದರಲ್ಲಿ ದಾಖಲೆಗಳು ವಂಶವೃಕ್ಷದ ಹಾಗೆ ಮೇಲಿನಿಂದ ಕೆಳಕ್ಕೆ ಕವಲೊಡೆಯುತ್ತವೆ. ಇನ್ನೊಂದು, ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಚಾರ್ಲ್ಸ್ ಬಾಕ್‌ಮನ್ ಕಟ್ಟಿದ ಐ.ಡಿ.ಎಸ್. ಅದರಲ್ಲಿ ದಾಖಲೆಗಳು ಜಾಲದಂತೆ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ.

ನಮ್ಮ ಗ್ರಂಥಾಲಯವನ್ನು ವಂಶವೃಕ್ಷದ ಮಾದರಿಯಲ್ಲಿ ಇಟ್ಟರೆ ಏನಾಗುತ್ತದೆ? ಮೇಲೆ ವಿದ್ಯಾರ್ಥಿ, ಆತನ ಕೆಳಗೆ ಆತ ಒಯ್ದ ಪುಸ್ತಕಗಳು. ‘ಗೀತಾ ಯಾವ ಪುಸ್ತಕ ಒಯ್ದಿದ್ದಾಳೆ?’ ಎಂದು ಕೇಳಿದರೆ ಉತ್ತರ ತಕ್ಷಣ ಸಿಗುತ್ತದೆ. ‘ಈ ಪುಸ್ತಕ ಯಾರ ಬಳಿ ಇದೆ?’ ಎಂದು ತಿರುಗಿಸಿ ಕೇಳಿದರೆ ಕಥೆ ಮುಗಿಯಿತು. ಒಬ್ಬೊಬ್ಬರೇ ವಿದ್ಯಾರ್ಥಿಯನ್ನು ಹಿಡಿದು, ಅವರ ಕೆಳಗಿನ ಪುಸ್ತಕಗಳನ್ನೆಲ್ಲ ತಡಕಬೇಕು. ಪುಸ್ತಕ ಮೇಲೆ, ವಿದ್ಯಾರ್ಥಿ ಕೆಳಗೆ ಎಂದು ಜೋಡಿಸಿದರೆ ಎರಡನೆಯ ಪ್ರಶ್ನೆ ಸುಲಭವಾಗಿ ಮೊದಲನೆಯದು ಕಷ್ಟವಾಗುತ್ತದೆ. ದತ್ತಾಂಶವನ್ನು ಜೋಡಿಸಿಟ್ಟವನು ಯಾವ ಪ್ರಶ್ನೆಗಳನ್ನು ಊಹಿಸಿದ್ದನೋ ಅವು ಮಾತ್ರ ಸಲೀಸು.

ಇದಕ್ಕಿಂತ ದೊಡ್ಡ ತಲೆನೋವು ಇನ್ನೊಂದಿತ್ತು. ಜೋಡಣೆಯನ್ನು ಬದಲಾಯಿಸಿದ ದಿನ ಹಳೆಯ ಪ್ರೋಗ್ರಾಂಗಳೆಲ್ಲ ಕೆಟ್ಟು ನಿಲ್ಲುತ್ತಿದ್ದವು. ಏಕೆಂದರೆ ‘ಇಲ್ಲಿಂದ ಈ ಕೊಂಡಿ ಹಿಡಿ, ಅಲ್ಲಿಂದ ಕೆಳಗಿಳಿ’ ಎಂಬ ದಾರಿಯೇ ಪ್ರೋಗ್ರಾಮಿನೊಳಗೆ ಹೊಸೆದುಕೊಂಡಿತ್ತು. ಕಾಡ್ ತಮ್ಮ ಲೇಖನದಲ್ಲಿ ಬಿಡಿಭಾಗಗಳು ಮತ್ತು ಅವನ್ನು ಬಳಸುವ ಯೋಜನೆಗಳ ಪುಟ್ಟ ಉದಾಹರಣೆ ತೆಗೆದುಕೊಂಡು, ಅದೇ ಮಾಹಿತಿಯನ್ನು ಐದು ಬೇರೆ ಬೇರೆ ರೀತಿಯಲ್ಲಿ ಜೋಡಿಸಿ ತೋರಿಸಿದ್ದಾರೆ. ಒಂದಕ್ಕೆಂದು ಬರೆದ ಪ್ರೋಗ್ರಾಂ ಎಲ್ಲದಕ್ಕೂ ಹೊಂದುವುದಿಲ್ಲ.

ನಮ್ಮ ಹಳೆಯ ಪಹಣಿ ಪುಸ್ತಕಗಳನ್ನು ನೆನೆದರೂ ಇದು ಅರ್ಥವಾಗುತ್ತದೆ. ಅವು ಊರು ಮತ್ತು ಸರ್ವೆ ನಂಬರಿನ ಕ್ರಮದಲ್ಲಿ ಇರುತ್ತಿದ್ದವು. ಸರ್ವೆ ನಂಬರ್ ಹೇಳಿದರೆ ಗ್ರಾಮ ಲೆಕ್ಕಿಗರು ಪುಟ ತೆರೆದು ಮಾಲೀಕರ ಹೆಸರು ಓದಿಬಿಡುತ್ತಿದ್ದರು. ಆದರೆ ಒಬ್ಬ ವ್ಯಕ್ತಿಗೆ ತಾಲ್ಲೂಕಿನಲ್ಲಿ ಎಲ್ಲೆಲ್ಲಿ ಜಮೀನಿದೆ ಎಂದು ಕೇಳಿದರೆ ಊರೂರಿನ ವಹಿಗಳನ್ನು ತಿರುವಬೇಕಿತ್ತು. ಕರ್ನಾಟಕದಲ್ಲಿ 2000-01ರ ಸುಮಾರಿಗೆ ‘ಭೂಮಿ’ ಯೋಜನೆಯಡಿ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದಾಗ ಬಂದ ಬದಲಾವಣೆಗಳಲ್ಲಿ ಇದೂ ಒಂದು.

ಸಂಬಂಧ ಎಂದರೇನು?

ಹೈಸ್ಕೂಲಿನಲ್ಲಿ ನೀವು ಗಣಗಳ ಪಾಠ ಓದಿದ್ದೀರಿ. ಎರಡು ಗಣಗಳಿಂದ ಒಂದೊಂದು ಅಂಶವನ್ನು ಆರಿಸಿ ಜೋಡಿ ಮಾಡಿದರೆ, ಅಂಥ ಜೋಡಿಗಳ ಒಂದು ಗಣಕ್ಕೆ ‘ಸಂಬಂಧ’ ಎಂದು ಹೆಸರು. ಪರೀಕ್ಷೆ ಮುಗಿದ ಮೇಲೆ ಬಹಳಷ್ಟು ಮಂದಿ ಮರೆತುಬಿಡುವ ಈ ವ್ಯಾಖ್ಯೆಯನ್ನೇ ಕಾಡ್ ಡೇಟಾಬೇಸಿನ ಅಡಿಗಲ್ಲಾಗಿ ಇಟ್ಟರು. ಎಲ್ಲ ಮಾಹಿತಿಯನ್ನೂ ಸಂಬಂಧಗಳಾಗಿ, ಎಂದರೆ ಸರಳವಾದ ಕೋಷ್ಟಕಗಳಾಗಿ ಬರೆಯಿರಿ; ಕೊಂಡಿಗಳನ್ನು ಕಿತ್ತೊಗೆಯಿರಿ ಎಂದರು. ತೆರೆಯ ಮೇಲೆ ಕೋಷ್ಟಕಗಳು ಬಂದು ಹೋಗುವುದು ಬೇಗ. ಆದ್ದರಿಂದ ನಮ್ಮ ಗ್ರಂಥಾಲಯದ ಮೂರು ಕೋಷ್ಟಕಗಳನ್ನು ಇಲ್ಲಿ ಅಚ್ಚು ಮಾಡಿದೆ.

ವಿದ್ಯಾರ್ಥಿ (ಸಂಖ್ಯೆ, ಹೆಸರು, ಊರು)
101, ಗೀತಾ, ತೀರ್ಥಹಳ್ಳಿ
102, ರಮೇಶ, ಸಾಗರ
103, ಸಲ್ಮಾ, ತೀರ್ಥಹಳ್ಳಿ

ಪುಸ್ತಕ (ಸಂಖ್ಯೆ, ಲೇಖಕ)
5001, ಕುವೆಂಪು
5002, ಶಿವರಾಮ ಕಾರಂತ
5003, ಕುವೆಂಪು

ಎರವಲು (ವಿದ್ಯಾರ್ಥಿ, ಪುಸ್ತಕ)
101, 5002
102, 5001
103, 5003
103, 5001

ಇಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂಬುದಿಲ್ಲ. ಎರವಲು ಕೋಷ್ಟಕದಲ್ಲಿ 103 ಎಂಬ ಸಂಖ್ಯೆ ಇದೆ, ವಿದ್ಯಾರ್ಥಿ ಕೋಷ್ಟಕದಲ್ಲೂ ಅದೇ ಸಂಖ್ಯೆ ಇದೆ. ಅವೆರಡನ್ನೂ ಬೆಸೆಯುವುದು ಬೆಲೆಗಳ ಸಮಾನತೆಯೇ ಹೊರತು ಯಂತ್ರದೊಳಗಿನ ಯಾವ ಕೊಂಡಿಯೂ ಅಲ್ಲ. ಸಲ್ಮಾಳ ಊರು ಒಂದೇ ಕಡೆ ಬರೆಯಲ್ಪಟ್ಟಿದೆ ಎಂಬುದನ್ನೂ ಗಮನಿಸಿ. ಆಕೆ ಹತ್ತು ಪುಸ್ತಕ ಒಯ್ದಳೆಂದು ಹತ್ತು ಸಲ ಊರಿನ ಹೆಸರು ಬರೆದಿದ್ದರೆ, ಆಕೆ ಮನೆ ಬದಲಾಯಿಸಿದ ದಿನ ಹತ್ತೂ ಕಡೆ ತಿದ್ದಬೇಕು. ಒಂಬತ್ತು ತಿದ್ದಿ ಒಂದನ್ನು ಮರೆತರೆ ಡೇಟಾಬೇಸ್ ಎರಡು ನಾಲಿಗೆಯಲ್ಲಿ ಮಾತಾಡುತ್ತದೆ. ಒಂದು ಸಂಗತಿ ಒಂದೇ ಜಾಗದಲ್ಲಿರುವಂತೆ ಕೋಷ್ಟಕಗಳನ್ನು ಒಡೆದು ಬರೆಯುವ ನಿಯಮಗಳನ್ನೂ ಕಾಡ್ ಅವರೇ ರೂಪಿಸಿದರು.

ಕೋಷ್ಟಕಗಳು ಸಿದ್ಧವಾದ ಮೇಲೆ ಅವುಗಳ ಮೇಲೆ ಮಾಡುವ ಲೆಕ್ಕ. ಅಡ್ಡಸಾಲುಗಳಲ್ಲಿ ಬೇಕಾದವನ್ನು ಆರಿಸುವುದು ಒಂದು ಕ್ರಿಯೆ. ಬೇಕಾದ ಕಂಬಸಾಲುಗಳನ್ನಷ್ಟೇ ಉಳಿಸಿಕೊಳ್ಳುವುದು ಇನ್ನೊಂದು. ಸಮಾನ ಬೆಲೆ ಇರುವ ಸಾಲುಗಳನ್ನು ಸೇರಿಸಿ ಎರಡು ಕೋಷ್ಟಕಗಳನ್ನು ಬೆಸೆಯುವುದು ಮತ್ತೊಂದು. ಇವುಗಳ ಜೊತೆಗೆ ನೀವು ಬಲ್ಲ ಸಂಯೋಗ, ಛೇದನ, ವ್ಯತ್ಯಾಸ. ಈ ಎಲ್ಲ ಕ್ರಿಯೆಗಳಿಗೂ ಇರುವ ಒಂದು ಗುಣವೇ ಇದರ ಜೀವಾಳ: ಸಂಖ್ಯೆಗೆ ಸಂಖ್ಯೆ ಕೂಡಿಸಿದರೆ ಸಂಖ್ಯೆಯೇ ಬರುವಂತೆ, ಕೋಷ್ಟಕದ ಮೇಲೆ ಯಾವ ಕ್ರಿಯೆ ಮಾಡಿದರೂ ಬರುವುದು ಕೋಷ್ಟಕವೇ. ಹಾಗಾಗಿ ಬಂದ ಉತ್ತರದ ಮೇಲೆ ಮತ್ತೊಂದು ಪ್ರಶ್ನೆ ಕೇಳಬಹುದು, ಅದರ ಮೇಲೆ ಇನ್ನೊಂದು. ಇದೊಂದು ಬೀಜಗಣಿತ. ಬೀಜಗಣಿತವಾದ್ದರಿಂದ, ಒಂದು ಸಮೀಕರಣವನ್ನು ಬೆಲೆ ಕೆಡದಂತೆ ಬೇರೆ ರೂಪಕ್ಕೆ ತಿರುಗಿಸುವ ಹಾಗೆ, ಒಂದು ಪ್ರಶ್ನೆಯನ್ನು ಉತ್ತರ ಕೆಡದಂತೆ ಬೇರೆ ರೂಪಕ್ಕೆ ತಿರುಗಿಸಲೂ ಬರುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವಾದ, ವಿವಾದ

ಇಷ್ಟು ಸೊಗಸಾದ ವಿಚಾರವನ್ನು ಐ.ಬಿ.ಎಂ. ತಕ್ಷಣ ಅಪ್ಪಿಕೊಂಡಿತೆ? ಇಲ್ಲ. ಐ.ಎಂ.ಎಸ್. ಅದರ ಲಾಭದಾಯಕ ಸರಕು. ಮಾರಾಟವಾಗುತ್ತಿರುವ ತನ್ನದೇ ಮಾಲನ್ನು ಹಳತೆಂದು ಸಾರುವ ಹೊಸ ವಿಚಾರಕ್ಕೆ ಯಾವ ಕಂಪನಿ ಮಣೆ ಹಾಕೀತು? ಹೊರಗಿನವರ ಆಕ್ಷೇಪಣೆ ಬೇರೆಯ ಬಗೆಯದು. ಗಣಿತವೇನೋ ಚೆನ್ನಾಗಿದೆ, ಯಂತ್ರದಲ್ಲಿ ಇದು ಆಮೆಯಂತೆ ನಡೆದೀತು ಎಂದರು.

ಬಾಕ್‌ಮನ್ ಅವರಿಗೆ 1973ರಲ್ಲಿ ಗಣಕ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು. ಆ ಸಂದರ್ಭದ ಉಪನ್ಯಾಸದಲ್ಲಿ ಅವರು ಪ್ರೋಗ್ರಾಮರನನ್ನು ದತ್ತಾಂಶದ ಸಾಗರದಲ್ಲಿ ದಾರಿ ಕಂಡುಕೊಂಡು ಸಾಗುವ ನಾವಿಕನಿಗೆ ಹೋಲಿಸಿದರು. ಕಾಡ್ ಅವರ ನಿಲುವು ಇದಕ್ಕೆ ತದ್ವಿರುದ್ಧ: ಪ್ರಯಾಣಿಕ ಊರಿನ ಹೆಸರು ಹೇಳಿದರೆ ಸಾಕು, ಹಡಗು ನಡೆಸುವುದು ಯಂತ್ರದ ಕೆಲಸ. 1974ರಲ್ಲಿ ಅಮೆರಿಕದ ಆನ್ ಆರ್ಬರ್ ಪಟ್ಟಣದಲ್ಲಿ ಇಬ್ಬರ ನಡುವೆ ಬಹಿರಂಗ ಚರ್ಚೆಯೇ ನಡೆಯಿತು. ಅಂದು ಗೆದ್ದವರು ಯಾರೆಂಬುದಕ್ಕಿಂತ, ಅದೇ ಸುಮಾರಿಗೆ ಎರಡು ತಂಡಗಳು ಮಾತು ಬಿಟ್ಟು ಯಂತ್ರ ಕಟ್ಟಲು ಕುಳಿತವು ಎಂಬುದೇ ಮುಖ್ಯ. ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿ ಐ.ಬಿ.ಎಂ. ಸಂಶೋಧಕರು ‘ಸಿಸ್ಟಂ ಆರ್’ ಕಟ್ಟಿದರು. ಅಲ್ಲೇ ಸಮೀಪದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಮತ್ತು ಯೂಜೀನ್ ವಾಂಗ್ ಅವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ‘ಇಂಗ್ರೆಸ್’ ಕಟ್ಟಿದರು.

ಕೇಳುವ ಭಾಷೆ

ಕಾಡ್ ತಾವೇ ಒಂದು ಪ್ರಶ್ನಾಭಾಷೆಯನ್ನು ರಚಿಸಿ ಅದಕ್ಕೆ ‘ಆಲ್ಫಾ’ ಎಂದು ಹೆಸರಿಟ್ಟಿದ್ದರು. ಅದು ತರ್ಕಶಾಸ್ತ್ರದ ಭಾಷೆ. ‘ಪ್ರತಿಯೊಂದಕ್ಕೂ’, ‘ಒಂದಾದರೂ ಇದೆ’ ಎಂಬ ಸಂಕೇತಗಳಿಂದ ತುಂಬಿದ್ದು. ಗಣಿತ ಓದಿದವರಿಗೆ ಸರಿ, ಗುಮಾಸ್ತೆಗೆ? ಈ ತೊಡಕನ್ನು ಬಿಡಿಸಿದವರು ಐ.ಬಿ.ಎಂ.ನ ಇಬ್ಬರು ತರುಣರು, ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್. ಚೇಂಬರ್ಲಿನ್ ಮೊದಲು ಕೊಂಡಿಗಳ ಪಕ್ಷದವರೇ. ಪುಟಗಟ್ಟಲೆ ಪ್ರೋಗ್ರಾಂ ಬೇಡುವ ಪ್ರಶ್ನೆಗಳನ್ನು ಕಾಡ್ ಒಂದೇ ಸಾಲಿನಲ್ಲಿ ಬರೆದು ತೋರಿಸಿದ್ದನ್ನು ಕಂಡು ಪಕ್ಷ ಬದಲಾಯಿಸಿದರು. ಇಬ್ಬರೂ ಸೇರಿ ಮೊದಲು ರಚಿಸಿದ ಭಾಷೆಯಲ್ಲಿ ಅಕ್ಷರಗಳ ಕೆಳಗೆ ಚಿಕ್ಕ ಅಕ್ಷರಗಳನ್ನು ಬರೆಯಬೇಕಿತ್ತು. ಕೀಲಿಮಣೆಯಲ್ಲಿ ಅದು ಒಗ್ಗಲಿಲ್ಲ. 1974ರಲ್ಲಿ ಅವರು ಸಾಮಾನ್ಯ ಇಂಗ್ಲಿಷ್ ಪದಗಳನ್ನೇ ಬಳಸುವ ‘ಸೀಕ್ವೆಲ್’ ಭಾಷೆಯನ್ನು ಪ್ರಕಟಿಸಿದರು. ಬ್ರಿಟನ್ನಿನ ವಿಮಾನ ಕಂಪನಿಯೊಂದು ಆ ಹೆಸರನ್ನು ತನ್ನ ವ್ಯಾಪಾರ ಮುದ್ರೆಯಾಗಿ ಮೊದಲೇ ನೋಂದಾಯಿಸಿದ್ದರಿಂದ ಹೆಸರನ್ನು ಕುಗ್ಗಿಸಿ ಎಸ್.ಕ್ಯೂ.ಎಲ್. ಎಂದು ಮಾಡಬೇಕಾಯಿತು. ಬಾಯ್ಸ್ ಅದರ ಏಳಿಗೆಯನ್ನು ನೋಡಲಿಲ್ಲ. ಅದೇ 1974ರಲ್ಲಿ, ಇನ್ನೂ ತರುಣರಾಗಿರುವಾಗಲೇ, ಮೆದುಳಿನ ರಕ್ತನಾಳ ಒಡೆದು ತೀರಿಕೊಂಡರು.

ನಮ್ಮ ಪ್ರಶ್ನೆಯನ್ನು ಆ ಭಾಷೆಯಲ್ಲಿ ಬರೆದರೆ ಹೀಗಿರುತ್ತದೆ:

ಸೆಲೆಕ್ಟ್ ಹೆಸರು
ಫ್ರಮ್ ವಿದ್ಯಾರ್ಥಿ, ಎರವಲು, ಪುಸ್ತಕ
ವೇರ್ ವಿದ್ಯಾರ್ಥಿ.ಸಂಖ್ಯೆ = ಎರವಲು.ವಿದ್ಯಾರ್ಥಿ
ಆಂಡ್ ಎರವಲು.ಪುಸ್ತಕ = ಪುಸ್ತಕ.ಸಂಖ್ಯೆ
ಆಂಡ್ ಊರು = ‘ತೀರ್ಥಹಳ್ಳಿ’
ಆಂಡ್ ಲೇಖಕ = ‘ಕುವೆಂಪು’

ಮೊದಲ ಸಾಲು ಏನು ಬೇಕೆಂದು ಹೇಳುತ್ತದೆ, ಎರಡನೆಯದು ಯಾವ ಕೋಷ್ಟಕಗಳಿಂದ ಎಂದು, ಉಳಿದವು ಯಾವ ಷರತ್ತಿನ ಮೇಲೆ ಎಂದು. ಯಾವ ವಹಿಯನ್ನು ಮೊದಲು ತೆರೆಯಬೇಕು, ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂಬ ಮಾತೇ ಇಲ್ಲ. ಪೆನ್ಸಿಲ್ ಹಿಡಿದು ನಮ್ಮ ಕೋಷ್ಟಕಗಳ ಮೇಲೆ ಉತ್ತರ ಹುಡುಕಿ. ಗೀತಾ ತೀರ್ಥಹಳ್ಳಿಯವಳು, ಆದರೆ ಒಯ್ದದ್ದು ಕಾರಂತರ ಪುಸ್ತಕ. ರಮೇಶ ಕುವೆಂಪು ಪುಸ್ತಕ ಒಯ್ದಿದ್ದಾನೆ, ಆದರೆ ಸಾಗರದವನು. ಉಳಿದವಳು ಸಲ್ಮಾ.

ಇಲ್ಲೊಂದು ತಮಾಷೆ ಇದೆ. ಮೇಲಿನಂತೆಯೇ ಕೇಳಿದರೆ ಎಸ್.ಕ್ಯೂ.ಎಲ್. ‘ಸಲ್ಮಾ, ಸಲ್ಮಾ’ ಎಂದು ಎರಡು ಸಲ ಹೇಳುತ್ತದೆ. ಆಕೆ ಎರಡು ಪುಸ್ತಕ ಒಯ್ದಿದ್ದಾಳಲ್ಲ! ಗಣದಲ್ಲಿ ಒಂದು ಅಂಶ ಒಂದೇ ಸಲ ಇರಬೇಕೆಂಬುದು ನೀವು ಓದಿದ ನಿಯಮ. ವೇಗದ ಆಸೆಗೆ ಎಸ್.ಕ್ಯೂ.ಎಲ್. ಈ ನಿಯಮವನ್ನು ಸಡಿಲಿಸಿತು. ಒಂದೇ ಸಲ ಬೇಕಿದ್ದರೆ ಸೆಲೆಕ್ಟ್ ಎಂಬುದರ ಮುಂದೆ ‘ಡಿಸ್ಟಿಂಕ್ಟ್’ ಎಂದು ಸೇರಿಸಬೇಕು. ಕಾಡ್ ಅವರಿಗೆ ಇದು ಕೊನೆಯವರೆಗೂ ಹಿಡಿಸಲಿಲ್ಲ. ತಮ್ಮ ಹೆಸರಿನಲ್ಲಿ ಜಗತ್ತು ಬಳಸುತ್ತಿದ್ದ ಭಾಷೆಯ ಕಟು ಟೀಕಾಕಾರರಲ್ಲಿ ಅವರೂ ಒಬ್ಬರು.

ಇನ್ನೊಂದು ಬಿರುಕು ಇದಕ್ಕಿಂತ ಅಪಾಯದ್ದು. ಒಬ್ಬ ವಿದ್ಯಾರ್ಥಿಯ ಊರು ಗೊತ್ತಿಲ್ಲದೆ ಆ ಜಾಗ ಖಾಲಿ ಇದೆ ಎನ್ನೋಣ. ‘ಊರು ತೀರ್ಥಹಳ್ಳಿ ಆಗಿರುವವರು’ ಎಂದು ಕೇಳಿದರೆ ಆತ ಬರುವುದಿಲ್ಲ, ಸರಿ. ‘ಊರು ತೀರ್ಥಹಳ್ಳಿ ಆಗಿರದವರು’ ಎಂದು ಕೇಳಿದರೂ ಆತ ಬರುವುದಿಲ್ಲ! ಖಾಲಿ ಜಾಗವನ್ನು ಯಾವುದರೊಡನೆ ಹೋಲಿಸಿದರೂ ಉತ್ತರ ‘ಹೌದು’ ಅಲ್ಲ, ‘ಅಲ್ಲ’ವೂ ಅಲ್ಲ, ‘ತಿಳಿಯದು’ ಎಂದಾಗುತ್ತದೆ. ಎರಡು ಉತ್ತರಗಳನ್ನು ಕೂಡಿಸಿದರೆ ಕಾಲೇಜಿನ ಎಲ್ಲರೂ ಸಿಗುತ್ತಾರೆಂದು ನಂಬಿ ವರದಿ ಸಿದ್ಧಪಡಿಸಿದವರ ಲೆಕ್ಕ ತಪ್ಪುವುದು ಹೀಗೆ. ಮೂರು ಬೆಲೆಗಳ ಈ ತರ್ಕವನ್ನು ಕಾಡ್ ಅವರೇ ಸಮರ್ಥಿಸಿದ್ದರು. ಅದು ಸರಿಯೇ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ.

1979ರಲ್ಲಿ, ಐ.ಬಿ.ಎಂ. ಇನ್ನೂ ಪ್ರಯೋಗದಲ್ಲಿ ತೊಡಗಿದ್ದಾಗಲೇ, ಅದರ ಪ್ರಕಟಿತ ಲೇಖನಗಳನ್ನು ಓದಿಕೊಂಡ ಪುಟ್ಟ ಕಂಪನಿಯೊಂದು ಎಸ್.ಕ್ಯೂ.ಎಲ್. ಬಳಸುವ ಡೇಟಾಬೇಸನ್ನು ಮಾರುಕಟ್ಟೆಗೆ ತಂದುಬಿಟ್ಟಿತು. ಅದೇ ಒರಾಕಲ್. ಐ.ಬಿ.ಎಂ.ನ ಸ್ವಂತ ಸರಕು ಹೊರಬಂದದ್ದು 1981ರಲ್ಲಿ. ಅದೇ ವರ್ಷ ಕಾಡ್ ಅವರಿಗೂ ಟ್ಯೂರಿಂಗ್ ಪ್ರಶಸ್ತಿ ಬಂತು. 1986ರಲ್ಲಿ ಎಸ್.ಕ್ಯೂ.ಎಲ್. ಅಮೆರಿಕದ ಅಧಿಕೃತ ಪ್ರಮಾಣಭಾಷೆಯಾಯಿತು, ಮರುವರ್ಷ ಅಂತರರಾಷ್ಟ್ರೀಯ ಪ್ರಮಾಣವೂ ಆಯಿತು. ಕಾಡ್ 2003ರ ಏಪ್ರಿಲ್ 18ರಂದು ಅಮೆರಿಕದ ಫ್ಲಾರಿಡಾದಲ್ಲಿ ನಿಧನರಾದರು.

ದಾರಿ ಹುಡುಕುವವರು ಯಾರು?

ಏನು ಬೇಕೆಂದು ನಾವು ಹೇಳಿದೆವು. ಹೇಗೆ ಎಂಬುದನ್ನು ಯಾರಾದರೂ ನಿರ್ಧರಿಸಲೇಬೇಕಲ್ಲ! ಆಮೆಯ ನಡಿಗೆ ಎಂದು ಹೀಯಾಳಿಸಿದವರ ಮಾತಿನಲ್ಲಿ ಹುರುಳಿತ್ತೆಂಬುದು ಒಂದು ಲೆಕ್ಕ ಮಾಡಿದರೆ ಗೊತ್ತಾಗುತ್ತದೆ. ಕಾಲೇಜಿನಲ್ಲಿ 1,000 ವಿದ್ಯಾರ್ಥಿಗಳು, 5,000 ಪುಸ್ತಕಗಳು, 20,000 ಎರವಲು ದಾಖಲೆಗಳು ಇವೆ ಎಂದಿಟ್ಟುಕೊಳ್ಳೋಣ. ಮೂರು ಕೋಷ್ಟಕಗಳ ಎಲ್ಲ ಸಾಲುಗಳನ್ನೂ ಒಂದಕ್ಕೊಂದು ತಾಳೆ ನೋಡುತ್ತ ಹೋದರೆ 1,000 × 5,000 × 20,000, ಎಂದರೆ ಹತ್ತು ಸಾವಿರ ಕೋಟಿ ಜೋಡಣೆಗಳು!

ಜಾಣರು ಹಾಗೆ ಮಾಡುವುದಿಲ್ಲ. ಕುವೆಂಪು ಪುಸ್ತಕಗಳು 40 ಇವೆ ಎನ್ನಿ. ಒಂದು ಪುಸ್ತಕಕ್ಕೆ ಸರಾಸರಿ 4 ಎರವಲು, ಒಟ್ಟು 160. ಆ 160ರಲ್ಲಿ ಪ್ರತಿಯೊಂದಕ್ಕೂ ವಿದ್ಯಾರ್ಥಿಯ ಊರು ನೋಡಿದರೆ ಕೆಲಸ ಮುಗಿಯಿತು. ವಹಿಗಳಿಗೆ ಸೂಚಿ ಇದ್ದರೆ ಒಟ್ಟು 40 + 160 + 160 = 360 ಸಾಲು ಮುಟ್ಟಿದರೆ ಸಾಕು. ತಲೆಕೆಳಗಾಗಿಯೂ ಹೋಗಬಹುದು. ತೀರ್ಥಹಳ್ಳಿಯವರು 30 ಮಂದಿ, ತಲಾ 20 ಎರವಲಿನಂತೆ 600, ಅವುಗಳ ಪುಸ್ತಕ ನೋಡಲು ಮತ್ತೆ 600, ಒಟ್ಟು 1,230. ಮೊದಲ ದಾರಿಯೇ ಲೇಸು. ಆದರೆ ತೀರ್ಥಹಳ್ಳಿಯ ಬದಲು ಇಬ್ಬರೇ ವಿದ್ಯಾರ್ಥಿಗಳಿರುವ ಸಣ್ಣ ಹಳ್ಳಿಯನ್ನು ಕೇಳಿದ್ದರೆ? ಎರಡನೆಯ ದಾರಿಗೆ 2 + 40 + 40 = 82 ಸಾಕು. ಪ್ರಶ್ನೆ ಅದೇ, ಊರಿನ ಹೆಸರು ಬದಲಾದರೆ ದಾರಿಯೂ ಬದಲಾಗಬೇಕು!

ಮೂರು ಕೋಷ್ಟಕಗಳನ್ನು ಒಂದಾದ ಮೇಲೊಂದರಂತೆ 6 ಕ್ರಮಗಳಲ್ಲಿ ತೆಗೆದುಕೊಳ್ಳಬಹುದು. ಹತ್ತು ಕೋಷ್ಟಕಗಳಿದ್ದರೆ 36,28,800 ಕ್ರಮಗಳು. ಪ್ರಶ್ನೆ ಬಂದ ಕೂಡಲೇ ಇವುಗಳಲ್ಲಿ ಅಗ್ಗವಾದುದನ್ನು ಅಂದಾಜು ಮಾಡಿ ಆರಿಸುವ ಒಳಯಂತ್ರವನ್ನು ಸಿಸ್ಟಂ ಆರ್ ತಂಡದ ಪೆಟ್ರೀಷಿಯಾ ಸೆಲಿಂಜರ್ ಮತ್ತು ಸಂಗಡಿಗರು ರಚಿಸಿ, 1979ರಲ್ಲಿ ಅದರ ವಿವರ ಪ್ರಕಟಿಸಿದರು. ಇದಕ್ಕೆ ‘ಆಪ್ಟಿಮೈಸರ್’ ಎನ್ನುತ್ತಾರೆ. ಬೀಜಗಣಿತದ ಮಾತನ್ನು ನೆನಪಿಡಿ ಎಂದದ್ದು ಇದಕ್ಕೇ. ಉತ್ತರ ಕೆಡದಂತೆ ಪ್ರಶ್ನೆಯ ರೂಪ ಬದಲಾಯಿಸಬಹುದಾದ್ದರಿಂದಲೇ ಆಪ್ಟಿಮೈಸರ್ ಸಾಧ್ಯ. ಅಲ್ಲಿಗೆ ಆಮೆ ಎಂಬ ಹೀಯಾಳಿಕೆ ನಿಂತಿತು.

ಆದರೆ ಅಂದಾಜು ಅಂದಾಜೇ. ಯಾವ ಅಂಕಿ ಅಂಶವೂ ಗೊತ್ತಿಲ್ಲದಿದ್ದಾಗ ‘ಇದಕ್ಕೆ ಸಮ’ ಎಂಬ ಷರತ್ತಿಗೆ ಹತ್ತರಲ್ಲೊಂದು ಸಾಲು, ‘ಇದಕ್ಕಿಂತ ಹೆಚ್ಚು’ ಎಂಬುದಕ್ಕೆ ಮೂರರಲ್ಲೊಂದು ಸಾಲು ಉಳಿದೀತೆಂದು ಅಂದಿನ ಲೇಖನ ಹಿಡಿದುಕೊಂಡಿತ್ತು. ನಮ್ಮ ಉದಾಹರಣೆಗೇ ಬನ್ನಿ. ಕುವೆಂಪು ಪುಸ್ತಕಗಳ 160 ಎರವಲುಗಳಲ್ಲಿ ತೀರ್ಥಹಳ್ಳಿಯವರವು ಎಷ್ಟು? ವಿದ್ಯಾರ್ಥಿಗಳಲ್ಲಿ ಅವರ ಪಾಲು ನೂರಕ್ಕೆ 3. ಹಾಗಾಗಿ ಸುಮಾರು 5 ಎಂದು ಯಂತ್ರ ಲೆಕ್ಕ ಹಾಕುತ್ತದೆ. ಕುಪ್ಪಳಿ ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಎಂಬುದು ಯಂತ್ರಕ್ಕೆ ಗೊತ್ತಿಲ್ಲ, ನಮಗೆ ಗೊತ್ತು! ತಮ್ಮೂರಿನ ಕವಿಯನ್ನು ಆ ಮಕ್ಕಳು ಹೆಚ್ಚಾಗಿ ಓದಿ, ನಿಜವಾದ ಸಂಖ್ಯೆ 40 ಆಗಿದ್ದರೆ ಅಂದಾಜು 8 ಪಟ್ಟು ತಪ್ಪಿತು. ಇನ್ನೂ ಮೂರು ನಾಲ್ಕು ಕೋಷ್ಟಕಗಳು ಸೇರುವ ದೊಡ್ಡ ಪ್ರಶ್ನೆಯಲ್ಲಿ ಈ ತಪ್ಪು ತಪ್ಪನ್ನು ಗುಣಿಸುತ್ತದೆ. ಹಂತಕ್ಕೆ 8 ಪಟ್ಟಿನಂತೆ ಮೂರು ಹಂತ ಅದೇ ದಿಕ್ಕಿನಲ್ಲಿ ತಪ್ಪಿದರೆ 512 ಪಟ್ಟು. ನಿಮಿಷದಲ್ಲಿ ಬರಬೇಕಾದ ಉತ್ತರಕ್ಕೆ ಇಡೀ ದಿನ ಕಾಯುವ ಪ್ರಸಂಗ ಬರುವುದು ಹೀಗೆ.

ಬೆಂಗಳೂರಿನಲ್ಲಿ ಬಿಡಿಸಿದ ಚಿತ್ರಗಳು

ಈ ಸಮಸ್ಯೆಯ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಜಯಂತ್ ಹರಿತ್ಸ ಮತ್ತು ಅವರ ವಿದ್ಯಾರ್ಥಿಗಳು ಮಾಡಿದ ಕೆಲಸ ನಮ್ಮ ಓದುಗರು ತಿಳಿದಿರಬೇಕಾದ್ದು. ಮೊದಲು ಅವರು ಆಪ್ಟಿಮೈಸರಿನ ಮನಸ್ಸನ್ನು ಕಣ್ಣಿಗೆ ಕಾಣುವಂತೆ ಮಾಡಿದರು. ಗ್ರಾಫ್ ಹಾಳೆಯ ಒಂದು ಅಕ್ಷದ ಮೇಲೆ ಒಂದು ಷರತ್ತಿಗೆ ಸಿಗುವ ಸಾಲುಗಳ ಪ್ರಮಾಣ, ಇನ್ನೊಂದರ ಮೇಲೆ ಮತ್ತೊಂದು ಷರತ್ತಿನದು. ಹಾಳೆಯ ಪ್ರತಿಯೊಂದು ಬಿಂದುವಿನಲ್ಲೂ ಆಪ್ಟಿಮೈಸರ್ ಯಾವ ದಾರಿ ಆರಿಸಿತೆಂದು ಕೇಳಿ, ದಾರಿಗೊಂದು ಬಣ್ಣ ಹಚ್ಚಿದರು. ನಮ್ಮ ಎರಡು ದಾರಿಗಳ ಉದಾಹರಣೆಯಲ್ಲಾದರೆ ಎರಡೇ ಬಣ್ಣ. ಹೆಸರಾಂತ ಕಂಪನಿಗಳ ಆಪ್ಟಿಮೈಸರುಗಳು ಬಿಡಿಸಿದ್ದು ಹತ್ತಾರು ಬಣ್ಣಗಳು ಚೂರು ಚೂರಾಗಿ ಹರಡಿದ, ವಿಚಿತ್ರ ಆಕಾರಗಳ ಚಿತ್ರ. ಆಧುನಿಕ ಚಿತ್ರಕಲೆಯನ್ನು ನೆನಪಿಸುವ ಇವನ್ನು ಬಿಡಿಸುವ ತಂತ್ರಾಂಶಕ್ಕೆ ‘ಪಿಕಾಸೊ’ ಎಂದೇ ಹೆಸರಿಟ್ಟರು. ನವೀನ್ ರೆಡ್ಡಿ ಅವರೊಡನೆ ಹರಿತ್ಸ ಇದನ್ನು ಪ್ರಕಟಿಸಿದ್ದು 2005ರಲ್ಲಿ. ಇಷ್ಟೊಂದು ಬಣ್ಣಗಳು ನಿಜಕ್ಕೂ ಬೇಕೇ? ಶೇಕಡ 20ರಷ್ಟು ಹೆಚ್ಚು ಖರ್ಚನ್ನು ಸಹಿಸಿಕೊಳ್ಳುವುದಾದರೆ ಸುಮಾರು ಹತ್ತು ದಾರಿಗಳಲ್ಲೇ ಇಡೀ ಚಿತ್ರವನ್ನು ತುಂಬಬಹುದೆಂದು ಆಮೇಲೆ ತೋರಿಸಿದರು.

2014ರಲ್ಲಿ ಅನ್ಶುಮನ್ ದತ್ ಅವರೊಡನೆ ಪ್ರಕಟಿಸಿದ ವಿಚಾರ ಇನ್ನೂ ದಿಟ್ಟದ್ದು: ಅಂದಾಜು ನಂಬಲರ್ಹವಲ್ಲ ಎಂದಾದರೆ ಅಂದಾಜನ್ನೇ ಬಿಟ್ಟುಬಿಡಿ! ಅದರ ಬದಲು ಖರ್ಚಿಗೆ ಒಂದು ಮಿತಿ ಹಾಕಿ. ಮೊದಲು 1 ರೂಪಾಯಿ ಎನ್ನಿ. ಆ ಮಿತಿಯೊಳಗೆ ಅತಿ ಹೆಚ್ಚು ದೂರ ತಲುಪಬಲ್ಲ ದಾರಿಯಲ್ಲಿ ಹೊರಡಿ. ಮುಗಿಯಲಿಲ್ಲವೇ, ನಿಲ್ಲಿಸಿ, 2 ರೂಪಾಯಿಯ ಮಿತಿಗೆ ತಕ್ಕ ಬೇರೊಂದು ದಾರಿ ಹಿಡಿಯಿರಿ. ಆಮೇಲೆ 4, 8, 16. ಮಾಡಿದ್ದನ್ನು ಬಿಟ್ಟು ಮತ್ತೆ ಶುರು ಮಾಡುವುದು ದಂಡವಲ್ಲವೇ ಎನ್ನಬಹುದು. ಲೆಕ್ಕ ಹಾಕಿ ನೋಡಿ. ಎಲ್ಲವನ್ನೂ ಮೊದಲೇ ಬಲ್ಲ ಸರ್ವಜ್ಞನಿಗೆ 9 ರೂಪಾಯಿ ಸಾಕಾಗುವ ಪ್ರಶ್ನೆಗೆ ನಮ್ಮ ಒಟ್ಟು ಖರ್ಚು ಹೆಚ್ಚೆಂದರೆ 1 + 2 + 4 + 8 + 16 = 31 ರೂಪಾಯಿ; ನಾಲ್ಕು ಪಟ್ಟಿಗಿಂತ ಕಡಿಮೆ. ಗುಣೋತ್ತರ ಶ್ರೇಢಿಯ ಮೊತ್ತ ಬಲ್ಲವರು ಇದು ಯಾವ ಸಂಖ್ಯೆಗೂ ನಾಲ್ಕು ಪಟ್ಟನ್ನು ದಾಟದೆಂದು ಸಾಧಿಸಿ ತೋರಿಸಬಹುದು. ಅಂದಾಜನ್ನು ನಂಬಿದ ಆಪ್ಟಿಮೈಸರ್ ದಾರಿ ತಪ್ಪಿದಾಗ ಸಾವಿರ ಪಟ್ಟನ್ನೂ ಮೀರಬಹುದು. ಅದಕ್ಕೆ ಇಂಥ ಯಾವ ಭರವಸೆಯೂ ಇಲ್ಲ. ಒಂದೇ ಸಂಖ್ಯೆ ಅನಿಶ್ಚಿತವಾಗಿದ್ದಾಗಿನ ಮಾತು ಇದು. ಅನಿಶ್ಚಿತ ಸಂಖ್ಯೆಗಳು ಹೆಚ್ಚಿದಂತೆ ಭರವಸೆಯ ಮಿತಿಯೂ ಏರುತ್ತದೆ. ಡೇಟಾಬೇಸ್ ಕ್ಷೇತ್ರದ ಕೆಲಸಕ್ಕಾಗಿ ಹರಿತ್ಸ ಅವರಿಗೆ 2014ರ ಇನ್ಫೋಸಿಸ್ ಪ್ರಶಸ್ತಿ ಬಂತು.

ಇಂದು ಸಾಮಾನ್ಯ ಮಾತಿನಲ್ಲೇ ಪ್ರಶ್ನೆ ಟೈಪು ಮಾಡಿದರೆ ಅದನ್ನು ಎಸ್.ಕ್ಯೂ.ಎಲ್.ಗೆ ತಿರುಗಿಸಿಕೊಡುವ ತಂತ್ರಾಂಶಗಳಿವೆ. ಕಾಡ್ ಅವರೂ 1970ರ ದಶಕದಲ್ಲಿ ‘ರಾಂದೆವೂ’ ಎಂಬ ಹೆಸರಿನಲ್ಲಿ ಇಂಥದೇ ಪ್ರಯತ್ನ ನಡೆಸಿದ್ದರು. ಪ್ರಶ್ನೆ ಅಸ್ಪಷ್ಟವಾಗಿದ್ದರೆ ಯಂತ್ರವೇ ಮರುಪ್ರಶ್ನೆ ಹಾಕಿ, ‘ನೀವು ಕೇಳಿದ್ದು ಇದೇ ತಾನೇ?’ ಎಂದು ಖಚಿತಪಡಿಸಿಕೊಳ್ಳಬೇಕೆಂಬುದು ಅವರ ಆಶಯ. ಹಾಗೆ ಖಚಿತಪಡಿಸಿಕೊಳ್ಳುವ ವಿವೇಕ ಈಗಿನ ತಂತ್ರಾಂಶಗಳಲ್ಲಿ ಎಷ್ಟಿದೆ ಎಂಬುದು ಚರ್ಚಿಸಬೇಕಾದ ವಿಷಯ. ಅವು ಬರೆದುಕೊಟ್ಟ ಆರು ಸಾಲು ನಿಮ್ಮ ಪ್ರಶ್ನೆಯೋ ಬೇರೊಂದೋ ಎಂದು ತಿಳಿಯಲು ಆ ಆರು ಸಾಲು ಓದಲು ಬರಬೇಕು.

ಓದುವುದರ ಜೊತೆಗೆ ಬರೆಯಲೂ ಇಚ್ಛೆಯಿದ್ದವರಿಗೆ ಒಂದು ಅಭ್ಯಾಸ. ಮೇಲಿನ ಮೂರು ಕೋಷ್ಟಕಗಳಿಗೆ 104, ಜೋಸೆಫ್, ಸೊರಬ ಎಂಬ ಸಾಲನ್ನು ಸೇರಿಸಿ. ಒಂದೂ ಪುಸ್ತಕ ಒಯ್ಯದ ವಿದ್ಯಾರ್ಥಿಗಳ ಸಂಖ್ಯೆಗಳು ಬೇಕು. ಎರವಲು ಕೋಷ್ಟಕದಲ್ಲಿ ಜೋಸೆಫನ ಸುಳಿವೇ ಇಲ್ಲ, ಆದ್ದರಿಂದ ಬೆಸೆಯುವ ಕ್ರಿಯೆಯಿಂದ ಆತ ಸಿಗಲಾರ. ಗಣಗಳ ಯಾವ ಕ್ರಿಯೆ ಬಳಸುತ್ತೀರಿ? ಅದು ಹೊಳೆದರೆ ಮುಂದಿನದು: ಗ್ರಂಥಾಲಯದಲ್ಲಿರುವ ಕುವೆಂಪು ಪುಸ್ತಕಗಳನ್ನು ಒಂದೂ ಬಿಡದೆ ಒಯ್ದವರು ಯಾರು? ಉತ್ತರ ಸಲ್ಮಾ ಎಂದು ಕಣ್ಣಿಗೇ ಕಾಣುತ್ತದೆ. ಕೋಷ್ಟಕಗಳ ಮೇಲಿನ ಕ್ರಿಯೆಗಳಿಂದಲೇ ಆ ಉತ್ತರಕ್ಕೆ ತಲುಪುವುದು ಸ್ವಲ್ಪ ಕಷ್ಟ. ‘ಬಿಟ್ಟವರು ಯಾರು’ ಎಂಬಲ್ಲಿಂದ ಆರಂಭಿಸಿ ನೋಡಿ.